ಹೊತ್ತು ತಂದ ಊರು

ಪಣಜಿಯ ಆಜಾದ್ ಮೈದಾನದ ನಡುವೆ ಒಂದು ತೆರೆದ ಮಂಟಪವಿದೆ. ತುದಿಯಲ್ಲಿ ಎಲೆಗೊಂಚಲು ಕಡೆದಿರುವ ಅದರ ಕೊರಿಂಥಿಯನ್ ಶೈಲಿಯ ಕಂಬಗಳು ಪಣಜಿಗೆಂದು ಮಾಡಿದವಲ್ಲ. ಹದಿನಾರನೇ ಶತಮಾನದಲ್ಲಿ ಹಳೆ ಗೋವಾದಲ್ಲಿ ಡೊಮಿನಿಕನ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದರ ಕಂಬಗಳು ಅವು. ಇಗರ್ಜಿ ಹಾಳುಬಿದ್ದ ಮೇಲೆ, 1847ರಲ್ಲಿ, ಅವನ್ನು ಇಲ್ಲಿಗೆ ತಂದು ನಿಲ್ಲಿಸಿ ಮಂಟಪ ಕಟ್ಟಿದರು. ಮಂಟಪದೊಳಗೆ ಆಗ ಇದ್ದದ್ದು ಗೋವಾವನ್ನು ಗೆದ್ದ ಅಫೊನ್ಸೊ ಡಿ ಅಲ್ಬುಕರ್ಕ್‌ನ ಪ್ರತಿಮೆ. ಮೈದಾನಕ್ಕೂ ಆಗ ಅವನದೇ ಹೆಸರು. ಈಗ ಅದೇ ಮೈದಾನದಲ್ಲಿ ಗೋವಾ ವಿಮೋಚನೆಗೆ ಪ್ರಾಣ ಕೊಟ್ಟವರ ಸ್ಮಾರಕವಿದೆ, ಗೋವಾದ ರಾಷ್ಟ್ರೀಯ ಚಳವಳಿಯ ಪಿತಾಮಹ ಎನಿಸಿದ ತ್ರಿಸ್ತಾಂವ್ ಡಿ ಬ್ರಗಾಂಜಾ ಕುನ್ಹಾ ಅವರ ಅಸ್ಥಿ ಇಟ್ಟ ಕಲಶವಿದೆ. ಅಲ್ಬುಕರ್ಕ್‌ನನ್ನು ನೋಡಬೇಕೆಂದರೆ ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.

ಮೈದಾನದ ಪಡುವಣ ಬದಿಗೆ ಉದ್ದಾನುದ್ದ ಚಾಚಿಕೊಂಡ ಹಳೆಯ ಕಟ್ಟಡವೊಂದಿದೆ. ಒಂದು ಕಾಲಕ್ಕೆ ಇದು ಸೈನಿಕರಿಗಾಗಿ ಕಟ್ಟಿದ್ದು. ಅದರ ಒಂದು ಪಾಲಿನಲ್ಲಿ ಪೊಲೀಸ್ ಮುಖ್ಯ ಕಚೇರಿ, ಇನ್ನೊಂದು ಪಾಲಿನಲ್ಲಿ ಇನ್‌ಸ್ಟಿಟ್ಯೂಟ್ ಮೆನೆಜಿಸ್ ಬ್ರಗಾಂಜಾ. ಸಾಹಿತ್ಯ, ಕಲೆ, ವಿದ್ಯೆ ಬೆಳೆಯಲಿ ಎಂದು ಹುಟ್ಟಿದ, ಲಾಭದ ಗೊಡವೆಯಿಲ್ಲದ, ಈಗ ಸರ್ಕಾರದ ನೆರವಿನಲ್ಲಿ ನಡೆಯುವ ಸಂಸ್ಥೆ ಇದು. ಉಪನ್ಯಾಸ, ಚಿತ್ರಕಲಾ ಪ್ರದರ್ಶನ, ಪುಸ್ತಕ ಬಿಡುಗಡೆ, ವಿಚಾರ ಸಂಕಿರಣ ಇಲ್ಲಿ ನಡೆಯುತ್ತವೆ. ಕರ್ನಾಟಕದಿಂದ ಗೋವಾಕ್ಕೆ ಹೋಗುವವರು ಕಲಂಗುಟ್, ಬಾಗಾ ಬೀಚು, ಮಾಂಡವಿ ನದಿಯ ಮೇಲಿನ ಕ್ಯಾಸಿನೊ ಹಡಗು ಮುಗಿಸಿ ಹಿಂದಿರುಗುತ್ತಾರೆ. ಪಣಜಿ ಅವರಿಗೆ ಬಸ್ಸು ಬದಲಿಸುವ ಜಾಗ. ಈ ಕಟ್ಟಡದ ಬಾಗಿಲಲ್ಲಿ ನಿಂತು ಸುತ್ತ ಅರ್ಧ ದಿನ ನಡೆದರೆ ಗೋವಾದ ಐನೂರು ವರ್ಷ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ನಮ್ಮ ಕನ್ನಡ ನೆಲದ ಪಾಲೂ ಸಣ್ಣದಲ್ಲ.

ಇಲ್ಲಿ ಕಾಣುವ ಎಷ್ಟೋ ವಸ್ತುಗಳು ಬೇರೆಲ್ಲಿಂದಲೋ ಬಂದವು. ಕಂಬ, ಗಂಟೆ, ಶಿಲುಬೆ, ಪುಸ್ತಕ, ಪ್ರತಿಮೆ, ಯಾವುದೂ ಹುಟ್ಟಿದ ಜಾಗದಲ್ಲಿ ಉಳಿದಿಲ್ಲ. ಇದಕ್ಕೆ ಕಾರಣ ಹಳೆ ಗೋವಾದ ಪತನ. ಹದಿನಾರನೇ ಶತಮಾನದಲ್ಲಿ ಲಿಸ್ಬನ್ನಿಗೇ ಹೋಲಿಸುತ್ತಿದ್ದ ಆ ನಗರವನ್ನು ರೋಗಗಳು ತಿಂದುಹಾಕಿದವು. ಕಾಲರಾ, ಮಲೇರಿಯಾ ಮರಮರಳಿ ಬಂದು ಜನ ಊರು ಬಿಟ್ಟರು. ಪೋರ್ಚುಗೀಸ್ ವೈಸರಾಯ್ ನದಿಯ ಕೆಳಹರಿವಿನ ಕಡೆಗೆ ಸರಿಯುತ್ತ ಸರಿಯುತ್ತ 1759ರಲ್ಲಿ ಪಣಜಿಗೆ ಬಂದು ನೆಲೆಸಿದ. ಆಗಿನ ಪಣಜಿ ಜೌಗು, ಮರಳ ದಿಬ್ಬ, ತೆಂಗಿನ ತೋಪುಗಳ ಒಂದು ಹಳ್ಳಿ. 1827ರಿಂದ 1835ರವರೆಗೆ ಆಳಿದ ಡೊಮ್ ಮಾನುಯೆಲ್ ಡಿ ಪೋರ್ಚುಗಲ್ ಇ ಕಾಸ್ತ್ರೊ ದಿಬ್ಬ ಸಮಮಾಡಿಸಿ, ಜೌಗು ತುಂಬಿಸಿ, ನೇರ ಬೀದಿಗಳನ್ನು ಎಳೆಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಅತ್ತ ಪೋರ್ಚುಗಲ್ಲಿನಲ್ಲಿ 1834ರಲ್ಲಿ ಪಾದ್ರಿಗಳ ಮಠಗಳನ್ನೆಲ್ಲ ರದ್ದುಮಾಡುವ ಆಜ್ಞೆ ಹೊರಟಿತ್ತು. ಹಳೆ ಗೋವಾದ ಮಠಗಳು ಬರಿದಾದವು. ನೋಡಿಕೊಳ್ಳುವವರಿಲ್ಲದ ಮೇಲೆ ಗೋಡೆ ಎಷ್ಟು ದಿನ ನಿಂತೀತು? ಅಗಸ್ಟಿನಿಯನ್ನರ ದೊಡ್ಡ ಇಗರ್ಜಿಯ ಚಾವಣಿ 1842ರಲ್ಲಿ ಕುಸಿಯಿತು. ಹೊಸ ಊರಿಗೆ ಕಟ್ಟಡದ ಸಾಮಾನು ಬೇಕಿತ್ತು, ಹಳೆ ಊರಿನಲ್ಲಿ ಅದು ಕೇಳುವವರಿಲ್ಲದೆ ಬಿದ್ದಿತ್ತು.

ಇನ್‌ಸ್ಟಿಟ್ಯೂಟ್‌ನ ಕತೆಗೆ ಬರೋಣ. 1871ರ ನವೆಂಬರ್ 22ರಂದು ಇದು ‘ಇನ್ಸ್ತಿತೂತೊ ವಾಸ್ಕೊ ಡ ಗಾಮಾ’ ಎಂಬ ಹೆಸರಿನಲ್ಲಿ ಹುಟ್ಟಿತು. ಹುಟ್ಟುಹಾಕಿದವನು ತೊಮಾಸ್ ರಿಬೇರೊ, ಗೋವಾದ ಆಡಳಿತದಲ್ಲಿ ಕಾರ್ಯದರ್ಶಿಯಾಗಿ ಬಂದಿದ್ದ ಪೋರ್ಚುಗೀಸ್ ಕವಿ. ಕೆಲವು ಕಾಲ ನಡೆದು, ಆಮೇಲೆ ಮಲಗಿ, 1920ರ ದಶಕದಲ್ಲಿ ಮತ್ತೆ ಎದ್ದು, ತನ್ನದೇ ಪತ್ರಿಕೆ ಹೊರಡಿಸಿತು. ಗೋವಾದ ಇತಿಹಾಸ, ಭಾಷೆ, ಶಾಸನಗಳ ಬಗ್ಗೆ ಕೆಲಸ ಮಾಡುವವರು ಇಂದಿಗೂ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿಕೊಂಡು ಹೋಗುತ್ತಾರೆ.

1961ರ ಡಿಸೆಂಬರ್ 19ಕ್ಕೆ 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ವಾಸ್ಕೊ ಡ ಗಾಮಾನ ಹೆಸರಿನ ಸಂಸ್ಥೆ ಹಾಗೇ ಉಳಿಯುವುದು ಸಾಧ್ಯವಿರಲಿಲ್ಲ. 1963ರಲ್ಲಿ ಅದಕ್ಕೆ ಲುಯಿಸ್ ಡಿ ಮೆನೆಜಿಸ್ ಬ್ರಗಾಂಜಾ ಹೆಸರು ಬಂತು. ಈ ಆಯ್ಕೆಯನ್ನು ನಾನು ಬಹಳ ಮೆಚ್ಚುತ್ತೇನೆ. ಯುದ್ಧವೀರನೊಬ್ಬನ ಹೆಸರಿಡಬಹುದಿತ್ತು, ದಿಲ್ಲಿಯ ನಾಯಕರೊಬ್ಬರ ಹೆಸರಿಡಬಹುದಿತ್ತು. ಗೋವಾದವರು ಒಬ್ಬ ಪತ್ರಕರ್ತನನ್ನು ಆರಿಸಿಕೊಂಡರು.

ಮೆನೆಜಿಸ್ ಬ್ರಗಾಂಜಾ 1878ರಲ್ಲಿ ದಕ್ಷಿಣ ಗೋವಾದ ಚಾಂದೋರ್‌ನಲ್ಲಿ ಹುಟ್ಟಿದರು. ಸಿರಿವಂತ ಕ್ಯಾಥೊಲಿಕ್ ಮನೆತನ. ಅವರ ಮಾಳಿಗೆ ಮನೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. 1900ರಲ್ಲಿ ಗೋವಾದ ಮೊದಲ ದಿನಪತ್ರಿಕೆ ‘ಓ ಹೆರಾಲ್ಡೊ’ ಶುರುವಾದಾಗ ಮೆಸಿಯಾಸ್ ಗೋಮಿಸ್ ಜೊತೆ ನಿಂತವರು ಇವರು. 1911ರಲ್ಲಿ ತಮ್ಮದೇ ‘ಓ ದೆಬಾತೆ’ ತಂದರು. ಬರೆದದ್ದು ಪೋರ್ಚುಗೀಸಿನಲ್ಲಿ, ಆಳುವವರ ಭಾಷೆಯಲ್ಲೇ. ಹಿಂದೂಗಳಿಗೆ ಸಮಾನ ಹಕ್ಕು ಸಿಗಬೇಕೆಂದು ವಾದಿಸಿದರು. 1930ರಲ್ಲಿ, ಮುಂದೆ ಪೋರ್ಚುಗಲ್ಲಿನ ಸರ್ವಾಧಿಕಾರಿಯಾದ ಸಲಾಜಾರ್ ‘ವಸಾಹತು ಕಾಯ್ದೆ’ ಹೊರಡಿಸಿ, ಆಳಿಸಿಕೊಳ್ಳುವವರನ್ನು ಎರಡನೇ ದರ್ಜೆಗೆ ತಳ್ಳಿದಾಗ, ಪಣಜಿಯಲ್ಲಿ ಶಾಸನ ಸಭೆಯೊಳಗೆ ಎದ್ದುನಿಂತು ಪ್ರತಿರೋಧದ ಗೊತ್ತುವಳಿ ಮಂಡಿಸಿದರು. ತನ್ನ ಭವಿಷ್ಯವನ್ನು ತಾನೇ ನಿರ್ಧರಿಸುವ ಹಕ್ಕು ಗೋವಾಕ್ಕೆ ಇದೆ ಎಂಬುದು ಅದರ ತಿರುಳು. ಬೀದಿಯಲ್ಲಿ ಕೂಗಿದರೆ ಲಾಠಿ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಸಭೆಯ ನಿಯಮದೊಳಗೇ, ದಾಖಲೆಯಲ್ಲಿ ಉಳಿಯುವ ಹಾಗೆ ಹೇಳಿದರು. 1938ರಲ್ಲಿ ತೀರಿಕೊಂಡರು. ವಿಮೋಚನೆ ನೋಡಲಿಲ್ಲ.

ಮೈದಾನದಲ್ಲಿ ಅಸ್ಥಿಕಲಶವಿರುವ ಕುನ್ಹಾ ಕೂಡ ಚಾಂದೋರ್‌ನವರೇ. ಹುಟ್ಟಿದ್ದು 1891ರಲ್ಲಿ. 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದರು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಸತ್ಯಾಗ್ರಹ ಹೂಡಿದ ನಂತರದ ಬಂಧನಗಳಲ್ಲಿ ಸೆರೆಸಿಕ್ಕಿ, ಸೈನಿಕ ನ್ಯಾಯಾಲಯದ ವಿಚಾರಣೆಗೊಳಗಾಗಿ, ಪೋರ್ಚುಗಲ್ಲಿನ ಪೆನಿಶೆ ಕೋಟೆಯಲ್ಲಿ ಸೆರೆವಾಸ ಅನುಭವಿಸಿದರು. 1958ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಒಂದೇ ಹಳ್ಳಿಯ ಇಬ್ಬರಲ್ಲಿ ಒಬ್ಬರ ಹೆಸರು ಕಟ್ಟಡದ ಮೇಲೆ, ಇನ್ನೊಬ್ಬರ ಅಸ್ಥಿ ಅದರ ಎದುರಿನ ಮೈದಾನದಲ್ಲಿ. ಆ ಹಳ್ಳಿಯ ಹಳೆಯ ಹೆಸರು ಚಂದ್ರಪುರ. ಗೋವಾದ ಕದಂಬರು ಗೋಪಕಪಟ್ಟಣಕ್ಕೆ ಹೋಗುವ ಮುಂಚೆ ಅವರ ರಾಜಧಾನಿ ಅದೇ. ಕಿತ್ತೂರಿನ ಬಳಿಯ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ ರಾಣಿ ಕಮಲಾದೇವಿ ಈ ಮನೆತನದವಳು. 1980ರಲ್ಲಿ ಗೋವಾ ತನ್ನ ಸರ್ಕಾರಿ ಬಸ್ಸುಗಳಿಗೆ ಇಟ್ಟದ್ದು ಕದಂಬರದೇ ಹೆಸರು. ಹುಬ್ಬಳ್ಳಿ ಬಸ್ಸಿನಿಂದ ಇಳಿದು ಪಣಜಿಯ ಕದಂಬ ಬಸ್ ನಿಲ್ದಾಣದಲ್ಲಿ ಕಾಲಿಡುವ ಕನ್ನಡಿಗರು ಈ ನಂಟನ್ನು ತಿಳಿದಿದ್ದರೆ ಚೆನ್ನ.

ಇನ್‌ಸ್ಟಿಟ್ಯೂಟ್‌ನ ಪ್ರವೇಶದ ಪಡಸಾಲೆಗೆ ಬಂದರೆ ಗೋಡೆಯ ತುಂಬ ನೀಲಿ. ಬಿಳಿ ಮೆರುಗಿನ ಹಂಚಿನ ಬಿಲ್ಲೆಗಳ ಮೇಲೆ ನೀಲಿ ಬಣ್ಣದಲ್ಲಿ ಬರೆದು ಸುಟ್ಟ ಚಿತ್ರಗಳು. ಪೋರ್ಚುಗೀಸರು ಇವನ್ನು ‘ಅಜುಲೇಜು’ ಎನ್ನುತ್ತಾರೆ. 1935ರಲ್ಲಿ ಕೂರಿಸಿದ ಈ ಬಿಲ್ಲೆಗಳನ್ನು ಚಿತ್ರಿಸಿದವನು ಜೋರ್ಜ್ ಕೊಲಾಸೊ. ಪೋರ್ಚುಗಲ್ಲಿನ ಪೋರ್ತೊ ನಗರದ ಸಾವ್ ಬೆಂತೊ ರೈಲು ನಿಲ್ದಾಣದ ಗೋಡೆಗಳಿಗೆ ಇಪ್ಪತ್ತು ಸಾವಿರದಷ್ಟು ಬಿಲ್ಲೆಗಳ ಚಿತ್ರ ಮಾಡಿದ ಕಲಾವಿದ ಅವನೇ. ಇಲ್ಲಿ ಅವನು ಚಿತ್ರಿಸಿರುವುದು ಲುಯಿಸ್ ಡಿ ಕಮೋಯಿಸ್‌ನ ಮಹಾಕಾವ್ಯ ‘ಲೂಸಿಯಾದಾಸ್’ನ ಪ್ರಸಂಗಗಳನ್ನು. ಕಮೋಯಿಸ್ 1553ರಲ್ಲಿ ಗೋವಾಕ್ಕೆ ಬಂದಿದ್ದ, ಇಲ್ಲಿ ಬಡತನದಲ್ಲಿ, ಜಗಳಗಳಲ್ಲಿ ಬದುಕಿದ. ಕಾವ್ಯ ಲಿಸ್ಬನ್ನಿನಲ್ಲಿ 1572ರಲ್ಲಿ ಅಚ್ಚಾಯಿತು. ಗಾಮಾನ ಸಮುದ್ರಯಾನವೇ ಅದರ ಕಥಾವಸ್ತು.

ದೂರದಿಂದ ನೋಡಿದಾಗ ಇಡೀ ಗೋಡೆ ಒಂದೇ ಚಿತ್ರದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಚೌಕ ಚೌಕವಾದ ಬಿಲ್ಲೆಗಳ ನಡುವಿನ ಸಂದುಗಳು ಕಾಣತೊಡಗುತ್ತವೆ. ಒಂದು ಮುಖದ ಹಣೆ ಒಂದು ಬಿಲ್ಲೆಯಲ್ಲಿ, ಗದ್ದ ಕೆಳಗಿನ ಬಿಲ್ಲೆಯಲ್ಲಿ. ಕುಂಚ ಒತ್ತಿದಲ್ಲಿ ನೀಲಿ ಕಪ್ಪಿಗೆ ತಿರುಗಿದೆ, ಹಗುರಾಗಿ ಎಳೆದಲ್ಲಿ ಮಳೆಗಾಲದ ಆಕಾಶದಷ್ಟು ತೆಳುವಾಗಿದೆ. ಬೆರಳು ಇಟ್ಟರೆ ತಣ್ಣಗೆ, ನುಣ್ಣಗೆ. ಕಡಲ ಗಾಳಿಯ ಉಪ್ಪು, ಗೋವಾದ ಮಳೆಯ ತೇವ, ಎರಡನ್ನೂ ಈ ಮೆರುಗು ಇಷ್ಟು ಕಾಲ ತಡೆದುಕೊಂಡಿದೆ. ಸುಣ್ಣದ ಗೋಡೆಯ ಮೇಲಿನ ಚಿತ್ರವಾಗಿದ್ದರೆ ಎಂದೋ ಹಪ್ಪಳದಂತೆ ಎದ್ದು ಬರುತ್ತಿತ್ತು.

ವರ್ಷಗಳನ್ನು ಜೋಡಿಸಿ ನೋಡಿ. 1930ರಲ್ಲಿ ಮೆನೆಜಿಸ್ ಬ್ರಗಾಂಜಾ ಆ ಗೊತ್ತುವಳಿ ಮಂಡಿಸಿದರು. ಐದೇ ವರ್ಷಕ್ಕೆ ಸಲಾಜಾರ್‌ನ ಸರ್ವಾಧಿಕಾರದ ಕಾಲದಲ್ಲಿ, ಸಾಮ್ರಾಜ್ಯದ ಹಿರಿಮೆ ಸಾರುವ ಈ ಚಿತ್ರಗಳು ಗೋಡೆ ಏರಿದವು. ಈಗ ಹೆಸರು ಅವರದು, ಗೋಡೆ ಕಮೋಯಿಸ್‌ನದು. ಸಾಮ್ರಾಜ್ಯವನ್ನು ಪ್ರಶ್ನಿಸಿದವನ ಹೆಸರಿನ ಬಾಗಿಲೊಳಗೆ ಸಾಮ್ರಾಜ್ಯದ ಕನಸು ಬಣ್ಣಗೆಡದೆ ಉಳಿದಿದೆ. ಈಚಿನ ವರ್ಷಗಳಲ್ಲಿ ಪೋರ್ಚುಗೀಸರ ಗುರುತುಗಳನ್ನೆಲ್ಲ ಅಳಿಸಿಹಾಕಬೇಕೆಂಬ ಮಾತು ಗೋವಾದ ರಾಜಕೀಯ ವೇದಿಕೆಗಳಲ್ಲಿ ಕೇಳಿಬಂದಿದೆ. ಅಂಥ ಮಾತಾಡುವವರು ಈ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1963ರಲ್ಲಿ ವಿಮೋಚನೆಯ ಬಿಸಿ ಇನ್ನೂ ಆರಿರಲಿಲ್ಲ. ಆಗ ಬೋರ್ಡು ಬದಲಿಸಿದವರಿಗೆ ಗೋಡೆಯ ಬಿಲ್ಲೆ ಕೀಳಿಸುವುದು ಕಷ್ಟವಿರಲಿಲ್ಲ. ಅವರು ಕೀಳಿಸಲಿಲ್ಲ. ಸೆರೆಮನೆ ಕಂಡವರು ಬದುಕಿದ್ದ ಕಾಲದಲ್ಲಿ ಇದ್ದ ಆ ಸಮಾಧಾನ, ಏನನ್ನೂ ಅನುಭವಿಸದ ನಮ್ಮ ಕಾಲಕ್ಕೆ ಯಾಕೆ ಇರಬಾರದು?

ಬಾಗಿಲಿಂದ ಹೊರಬಂದು ನದಿಯ ಕಡೆ ಹೆಜ್ಜೆ ಹಾಕಿ, ಬಲಕ್ಕೆ ತಿರುಗಿ ನಡೆದರೆ ಕೆಲವೇ ನಿಮಿಷದಲ್ಲಿ ಒಂದು ವಿಚಿತ್ರ ಪ್ರತಿಮೆ ಎದುರಾಗುತ್ತದೆ. ನಿಲುವಂಗಿಯ ಪಾದ್ರಿಯೊಬ್ಬ ಕೈ ಚಾಚಿದ್ದಾನೆ, ಅವನ ಮುಂದೆ ಹೆಂಗಸೊಬ್ಬಳು ಹಿಂದಕ್ಕೆ ಬಾಗಿ ಕುಸಿಯುತ್ತಿದ್ದಾಳೆ. ತಿಳಿಯದವರು ಇದೇನು ಕೊಲೆಯ ದೃಶ್ಯವೋ ಎಂದುಕೊಳ್ಳುತ್ತಾರೆ. ಇವನು ಅಬ್ಬೆ ಫಾರಿಯಾ, 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ 1819ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಗೋವಾದ ಪಾದ್ರಿ. ಸಮ್ಮೋಹನ ನಿದ್ರೆ ಮಾಂತ್ರಿಕನ ಕೈಯಿಂದ ಹರಿಯುವ ಯಾವುದೋ ಶಕ್ತಿಯಿಂದ ಬರುತ್ತದೆಂದು ಯುರೋಪಿನ ವೈದ್ಯರು ನಂಬಿದ್ದ ದಿನಗಳಲ್ಲಿ, ಅದು ನಿದ್ರಿಸುವವನ ಮನಸ್ಸಿನಿಂದಲೇ ಬರುತ್ತದೆ ಎಂದು ಹೇಳಿದವನು ಇವನು. ಅಲೆಕ್ಸಾಂದ್ರ್ ದ್ಯೂಮಾ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯ ಸೆರೆಮನೆಯ ಪಾದ್ರಿಗೆ ಇವನ ಹೆಸರು ಕೊಟ್ಟ. ಮಡ್ಕಯಿಯ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್ ಮಾಡಿದ ಪ್ರತಿಮೆ 1945ರದು.

ಫಾರಿಯಾ ಬಗ್ಗೆ ಗೋವಾದಲ್ಲಿ ಮನೆಮಾತಾದ ಕತೆಯೊಂದಿದೆ. ಲಿಸ್ಬನ್ನಿನಲ್ಲಿ ರಾಣಿಯ ಪ್ರಾರ್ಥನಾ ಮಂದಿರದಲ್ಲಿ ಪ್ರವಚನಕ್ಕೆ ಏರಿದ ಯುವಕನ ನಾಲಿಗೆ ಎದುರು ಕೂತ ಗಣ್ಯರನ್ನು ಕಂಡು ಒಣಗಿತಂತೆ. ಕೆಳಗಿದ್ದ ತಂದೆ ಮೆಲ್ಲನೆ ಕೊಂಕಣಿಯಲ್ಲಿ “ಹಿ ಸಗಳಿ ಭಾಜಿ, ಕಾತರ್ ರೇ ಭಾಜಿ” ಎಂದನಂತೆ. ಎದುರಿಗಿರುವುದೆಲ್ಲ ಬರೀ ಸೊಪ್ಪು ತರಕಾರಿ, ಕೊಚ್ಚಿಹಾಕು ಮಗನೇ ಎಂದು. ಮಗನ ಬಾಯಿ ಬಿಚ್ಚಿತು. ಕತೆ ನಿಜವೋ ಅಲ್ಲವೋ, ದೊರೆಗಳ ಊರಿನ ನಡುವೆ ತಾಯ್ನುಡಿಯ ಒಂದು ಸಾಲು ಕೊಟ್ಟ ಧೈರ್ಯವನ್ನು ಗೋವಾದವರು ಹೀಗೆ ನೆನಪಿಟ್ಟುಕೊಂಡಿದ್ದಾರೆ.

ಪ್ರತಿಮೆಯ ಪಕ್ಕದ ಕಟ್ಟಡವೇ ಆದಿಲ್‌ಶಾಹಿ ಅರಮನೆ. 1500ರ ಸುಮಾರಿಗೆ ಬಿಜಾಪುರದ ಯೂಸುಫ್ ಆದಿಲ್ ಶಾಹ ನದಿಯ ಬಾಯಿ ಕಾಯಲೆಂದೂ ಬೇಸಿಗೆಯಲ್ಲಿ ತಂಗಲೆಂದೂ ಕಟ್ಟಿಸಿದ್ದು. 1510ರಲ್ಲಿ ಅಲ್ಬುಕರ್ಕ್ ಬಂದಾಗ ಗೋವಾ ಒಮ್ಮೆ ಅವನ ವಶವಾಗಿ, ಮತ್ತೆ ಬಿಜಾಪುರದ ಸೇನೆ ಅದನ್ನು ಬಿಡಿಸಿಕೊಂಡು, ಕೊನೆಗೆ ನವೆಂಬರ್ 25ರಂದು ಪೋರ್ಚುಗೀಸರ ಕೈಗೇ ಹೋಯಿತು. ಅರಮನೆಯನ್ನು ಅವರು ಕೆಡವಲಿಲ್ಲ. 1759ರಿಂದ 1918ರವರೆಗೆ ವೈಸರಾಯ್‌ಗಳು, ಗವರ್ನರ್‌ಗಳು ಇಲ್ಲೇ ಇದ್ದರು. ಆಮೇಲೆ ಸಚಿವಾಲಯ. ವಿಮೋಚನೆಯ ನಂತರ ವಿಧಾನಸಭೆ. 2000ದಲ್ಲಿ ಸಭೆ ನದಿಯಾಚೆಯ ಪರ್ವರಿಗೆ ಹೋಯಿತು. ಸುಲ್ತಾನ, ವೈಸರಾಯ್, ಮುಖ್ಯಮಂತ್ರಿ, ಮೂವರೂ ಕೂತು ಆಳಿದ ಕಟ್ಟಡ ದೇಶದಲ್ಲಿ ಹೆಚ್ಚು ಸಿಗಲಾರದು. ಈಗಿನ ಇಳಿಜಾರು ಚಾವಣಿ, ಸಾಲು ಕಿಟಕಿಗಳಲ್ಲಿ ಬಿಜಾಪುರದ ಕಮಾನು ಹುಡುಕಿದರೆ ಸಿಗುವುದಿಲ್ಲ, ಅಷ್ಟು ಸಲ ತಿದ್ದಿ ಕಟ್ಟಿದ್ದಾರೆ. ಆದರೂ ಗೋಳಗುಮ್ಮಟ ಕಂಡ ಕನ್ನಡಿಗ ಈ ಗೋಡೆಯ ಮುಂದೆ ಪರಕೀಯನಾಗಿ ನಿಲ್ಲಬೇಕಿಲ್ಲ.

ಪಣಜಿಯ ರಸ್ತೆಗಳನ್ನೆಲ್ಲ ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಅಗೆದುಹಾಕಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ, ಅರಮನೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಗೌಂಡಿಯೊಬ್ಬರ ಜೊತೆ ಮಾತಿಗೆ ಕೂತೆ. ರೊಟ್ಟಿ ನೋಡಿಯೇ ಯಾವ ಕಡೆಯವರೆಂದು ತಿಳಿದಿತ್ತು. “ಯಾವೂರ್ರೀ?” ಎಂದರೆ “ಇಂಡಿ ತಾಲೂಕ್ರೀ, ಬಿಜಾಪುರ ಜಿಲ್ಲಾ” ಎಂದರು. ಬೆನ್ನ ಹಿಂದಿನ ಗೋಡೆ ತೋರಿಸಿ, ಇದನ್ನು ಕಟ್ಟಿಸಿದವನು ನಿಮ್ಮ ಬಿಜಾಪುರದ ಬಾದಶಹ ಎಂದೆ. ಅವರು ತುತ್ತು ಕೈಯಲ್ಲೇ ಹಿಡಿದು ತಿರುಗಿ, ಮೇಲಿಂದ ಕೆಳಗಿನವರೆಗೆ ಗೋಡೆ ನೋಡಿದರು. “ಖರೇನೇನ್ರೀ? ಹಂಗಾರ ನಮ್ಮೋರು ಆವಾಗಿಂದಾನೂ ಇಲ್ಲಿ ಕಟ್ಟೋ ಕೆಲಸಾನ ಮಾಡ್ಯಾರ ಬಿಡ್ರೀ” ಎಂದು, ರೊಟ್ಟಿಯ ಒಂದು ತುಂಡು ಮುರಿದು ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟರು.

ಎದುರಿಗೆ ಹರಿಯುವ ಮಾಂಡವಿಯೂ ನಮ್ಮ ನೆಲದಿಂದಲೇ ಬರುವುದು. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವಾಗ ಮಹದಾಯಿ, ಗೋವಾದವರ ಬಾಯಲ್ಲಿ ಮ್ಹಾದಯ್. ಅದರ ನೀರನ್ನು ಈ ಕಡೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಕೂತ ಧರಣಿ ನಮಗೆ ಗೊತ್ತು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ವಿವಾದ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ಕಡೆಯಿಂದ ಇದು ಕುಡಿಯುವ ನೀರಿನ ಪ್ರಶ್ನೆ. ಪಣಜಿಯ ದಂಡೆಯಲ್ಲಿ ನಿಂತವರಿಗೆ ಸಮುದ್ರದ ಉಪ್ಪು ನದಿಯೊಳಗೆ ಎಷ್ಟು ದೂರ ನುಗ್ಗೀತು, ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಖಜಾನ್ ಗದ್ದೆಗಳ ಗತಿಯೇನು ಎಂಬ ಪ್ರಶ್ನೆ. ನರಗುಂದದ ಒಬ್ಬ ರೈತ ಮತ್ತು ಗೋವಾದ ಒಬ್ಬ ಖಜಾನ್ ರೈತ ಈ ದಂಡೆಯಲ್ಲಿ ಒಂದು ದಿನ ಜೊತೆಗೆ ಕೂತು ಮಾತಾಡಿದ್ದರೆ ವಕೀಲರ ವಾದಕ್ಕಿಂತ ಹೆಚ್ಚು ತಿಳಿಯುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನದಿಯಾಚೆಯ ಬೆತಿ ಕಡೆಗೆ ಹೋಗುವ ಫೆರಿ ಇಲ್ಲೇ ಹೊರಡುತ್ತದೆ. 1970ರಲ್ಲಿ ಕಟ್ಟಿದ ಮಾಂಡವಿ ಸೇತುವೆ 1986ರ ಜುಲೈ 5ರಂದು ಕುಸಿದುಬಿದ್ದಾಗ ಊರಿಗೆ ಊರೇ ಮತ್ತೆ ಫೆರಿಯನ್ನು ನೆಚ್ಚಿಕೊಂಡಿತ್ತು.

ನದಿಗೆ ಬೆನ್ನುಹಾಕಿ ಊರೊಳಗೆ ಬಂದರೆ ಚರ್ಚ್ ಸ್ಕ್ವೇರ್. ಮೆಟ್ಟಿಲುಗಳ ಮೇಲೆ ಬಿಳಿಯ ಇಗರ್ಜಿ, ಸಿನಿಮಾದವರಿಗೆ ಅಚ್ಚುಮೆಚ್ಚು. ಅದರ ಗಂಟೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆ ಗೋವಾದ ಅಗಸ್ಟಿನಿಯನ್ ಇಗರ್ಜಿಯ ಗಂಟೆ ಅದು. ಆ ಇಗರ್ಜಿ ಕುಸಿಯುವ ಕಾಲಕ್ಕೆ ಅಗ್ವಾದ ಕೋಟೆಯ ದೀಪಸ್ತಂಭಕ್ಕೆ ಹೋಗಿ, ಅಲ್ಲಿಂದ 1871ರಲ್ಲಿ ಇಲ್ಲಿಗೆ ಬಂತು. ಇನ್‌ಸ್ಟಿಟ್ಯೂಟ್ ಹುಟ್ಟಿದ್ದೂ ಅದೇ ವರ್ಷ. ಗೋವಾದ ಗಂಟೆಗಳಲ್ಲಿ ಗಾತ್ರದಲ್ಲಿ ಎರಡನೆಯದು ಎನ್ನುತ್ತಾರೆ, ಮೊದಲನೆಯದು ಹಳೆ ಗೋವಾದ ಸೆ ಕೆಥೆಡ್ರಲ್‌ನದು.

ಇಗರ್ಜಿಯ ಎದುರಿನ ತೋಟಕ್ಕೆ ಗಾರ್ಸಿಯಾ ಡಿ ಓರ್ತಾನ ಹೆಸರು. 1534ರಲ್ಲಿ ಗೋವಾಕ್ಕೆ ಬಂದ ಈ ವೈದ್ಯ ನಮ್ಮ ನಾಡಿನ ಗಿಡಮೂಲಿಕೆ, ಮಾವು, ವೀಳ್ಯ, ಕಾಲರಾ ರೋಗದ ಲಕ್ಷಣಗಳ ಬಗ್ಗೆ ಪ್ರಶ್ನೋತ್ತರದ ರೂಪದಲ್ಲಿ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನು ಯಹೂದಿ ಮೂಲದವನು. ಸತ್ತು ಹನ್ನೆರಡು ವರ್ಷವಾದ ಮೇಲೆ, 1580ರಲ್ಲಿ, ಇನ್‌ಕ್ವಿಸಿಶನ್ ಅಂದರೆ ಧರ್ಮವಿಚಾರಣಾ ಮಂಡಳಿ ಅವನ ಮೂಳೆಗಳನ್ನು ಅಗೆಸಿ ಸುಡಿಸಿತು. ಅದೇ ಪೋರ್ಚುಗೀಸ್ ಆಡಳಿತ ಮುಂದೆ ಅವನ ಹೆಸರಿನ ತೋಟ ಮಾಡಿತು. ತೋಟದ ನಡುವೆ 1898ರಲ್ಲಿ ಗಾಮಾನ ಬರವಿನ 400ನೇ ವರ್ಷಕ್ಕೆ ನಿಲ್ಲಿಸಿದ ಕಂಬದ ತುದಿಯಲ್ಲಿ ಈಗ ಅಶೋಕನ ಸಿಂಹಗಳಿವೆ. ಕಂಬ ಹಳೆಯದೇ.

ಆ ಧರ್ಮವಿಚಾರಣಾ ಮಂಡಳಿಯ ವಸ್ತುವೊಂದನ್ನು ಕಾಣಲು ಗುಡ್ಡ ಬಳಸಿ ಫೊಂತೈನ್ಯಾಸ್ ಕೇರಿಗೆ ಹೋಗಬೇಕು. ಕಾವಿ, ಹಳದಿ, ನೀಲಿ ಬಣ್ಣದ ಮನೆಗಳ ಸಂದಿಗೊಂದಿಯ ಕೊನೆಯಲ್ಲಿ 1818ರ ಸಂತ ಸೆಬಾಸ್ಟಿಯನ್ನನ ಚಿಕ್ಕ ಚಾಪೆಲ್. ಒಳಗಿರುವ ಶಿಲುಬೆಯ ಕ್ರಿಸ್ತನ ತಲೆ ಬಾಗಿಲ್ಲ, ಕಣ್ಣು ಮುಚ್ಚಿಲ್ಲ. ಹಳೆ ಗೋವಾದಲ್ಲಿ ವಿಚಾರಣೆಗೆ ತಂದವರ ಎದುರು ಇದ್ದ ಶಿಲುಬೆ ಅದು. 1812ರಲ್ಲಿ ಮಂಡಳಿ ರದ್ದಾದ ಮೇಲೆ ಆದಿಲ್‌ಶಾಹಿ ಅರಮನೆಗೆ ಬಂತು, 1918ರಲ್ಲಿ ಗವರ್ನರ್ ಅರಮನೆ ಬಿಟ್ಟಾಗ ಇಲ್ಲಿಗೆ. ತೆರೆದ ಆ ಕಣ್ಣುಗಳ ಎದುರು ನಿಂತು ಏನು ಉತ್ತರ ಕೊಟ್ಟರೋ ಆ ಜನ. ಅವರಲ್ಲಿ ಹಲವರ ಬಂಧುಗಳು ಘಟ್ಟದಂಚು, ಕರಾವಳಿ ಹಿಡಿದು ತೆಂಕಣಕ್ಕೆ ಓಡಿದರು. ಅಂಕೋಲಾದಿಂದ ಮಂಗಳೂರು, ಕಾಸರಗೋಡಿನವರೆಗೆ ಕೊಂಕಣಿ ಮನೆಮಾತಾದದ್ದರ ಹಿಂದೆ ಆ ಓಟವೂ ಇದೆ.

ಇನ್‌ಸ್ಟಿಟ್ಯೂಟ್‌ನ ಪಕ್ಕದಿಂದಲೂ ಒಂದು ದೊಡ್ಡ ವಸ್ತು ಎದ್ದುಹೋಯಿತು, ಗ್ರಂಥಾಲಯ. 1832ರಲ್ಲಿ ‘ಪುಬ್ಲಿಕಾ ಲಿವ್ರಾರಿಯಾ’ ಎಂದು ಶುರುವಾದದ್ದು, ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲೊಂದು. ಬಹುಕಾಲ ಇದೇ ಕಟ್ಟಡದ ಸಾಲಿನಲ್ಲಿದ್ದು, ಈಗ ಪಾಟ್ಟೊದ ಹೊಸ ಕಟ್ಟಡದಲ್ಲಿದೆ, ಹದಿನಾರನೇ ಶತಮಾನದ ಲೇಖಕ ಕೃಷ್ಣದಾಸ ಶಾಮಾ ಅವರ ಹೆಸರಿನಲ್ಲಿ. ಹೊಸ ಜಾಗ ವಿಶಾಲವಾಗಿದೆ, ಅನುಕೂಲವಾಗಿದೆ. ಆದರೂ ಪುಸ್ತಕ ಓದಿ ಎದ್ದವರು ಪಕ್ಕದ ಸಭಾಂಗಣದಲ್ಲಿ ಉಪನ್ಯಾಸ ಕೇಳಿ, ಎದುರಿನ ಮೈದಾನದಲ್ಲಿ ಧರಣಿ ಕೂತವರ ಮಾತಿಗೂ ಕಿವಿಗೊಟ್ಟು ಮನೆಗೆ ಹೋಗುವ ಏರ್ಪಾಡು ಈ ಹಳೆಯ ಚೌಕದಲ್ಲಿತ್ತು. ಅದು ತಪ್ಪಿಹೋದದ್ದು ನನಗೆ ನಷ್ಟವೆಂದೇ ಕಾಣುತ್ತದೆ.

ಕಂಬ, ಗಂಟೆ, ಬಿಲ್ಲೆಗಳ ಬಗ್ಗೆ ಗೋವಾ ತೋರಿದ ಈ ಜತನವನ್ನು ಮನಸಾರೆ ಹೊಗಳುತ್ತೇನೆ. ಹಾಗೆ ಹೊಗಳುವಾಗಲೇ ಹೇಳಲೇಬೇಕಾದ ಮಾತೊಂದಿದೆ. ಹೊರಗಿನಿಂದ ಬಂದ ವಸ್ತುವಿಗೆ ಸಿಕ್ಕಷ್ಟು ಜಾಗ ಹೊರಗಿನಿಂದ ಬಂದ ಮನುಷ್ಯರಿಗೆ ಸಿಕ್ಕಿಲ್ಲ. ಗೋವಾದ ರಸ್ತೆ, ಸೇತುವೆ, ಹೋಟೆಲ್ಲು, ಗಣಿ, ಬಂದರುಗಳಲ್ಲಿ ಎರಡು ಮೂರು ತಲೆಮಾರುಗಳಿಂದ ದುಡಿದವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯವರು ಬಹಳ. ವಾಸ್ಕೊ ಪಟ್ಟಣದ ಬೈನಾ ಕಡಲತಡಿಯಲ್ಲಿ 2004ರಲ್ಲೂ 2015ರಲ್ಲೂ ಮನೆಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ದೊಡ್ಡ ಪಾಲು ಕನ್ನಡ ಮಾತಾಡುವವರದು. ಕಾನೂನು ಹಾಗಿತ್ತು, ಕಡಲ ದಂಡೆಯ ನಿಯಮ ಹೀಗಿತ್ತು ಎಂಬ ವಾದಗಳೆಲ್ಲ ಇವೆ. ಡೊಮಿನಿಕನ್ ಇಗರ್ಜಿಯ ಕಂಬವನ್ನು ಬೀಳಲು ಬಿಡದೆ ತಂದು ನಿಲ್ಲಿಸಿದ ಊರಿಗೆ, ತನ್ನ ಗೋಡೆ ಕಟ್ಟಿದವರನ್ನು ಎಲ್ಲಿ ನಿಲ್ಲಿಸಬೇಕೆಂದು ಮುಂಚಿತವಾಗಿ ಯೋಚಿಸುವುದು ಆಗದ ಕೆಲಸವಲ್ಲ. ಕರ್ನಾಟಕದ ಸರ್ಕಾರಗಳಿಗೂ ಈ ಮಾತು ಅನ್ವಯಿಸುತ್ತದೆ. ಗೋವಾದ ಕನ್ನಡಿಗರು ನಮಗೆ ನೆನಪಾಗುವುದು ಮನೆ ಕೆಡವಿದ ಸುದ್ದಿ ಬಂದಾಗ ಮಾತ್ರ.

ಅದಕ್ಕೆ ನನ್ನದೊಂದು ಸಲಹೆ. ಗೋವಾದಲ್ಲಿ ಕನ್ನಡ ಸಂಘಗಳಿವೆ, ರಾಜ್ಯೋತ್ಸವ ಮಾಡುತ್ತವೆ. ಆ ಕಾರ್ಯಕ್ರಮಗಳು ಹೆಚ್ಚಾಗಿ ನಮ್ಮವರಿಂದ ನಮ್ಮವರಿಗೇ ನಡೆಯುತ್ತವೆ. ಒಂದು ವರ್ಷ ಇನ್‌ಸ್ಟಿಟ್ಯೂಟ್ ಮೆನೆಜಿಸ್ ಬ್ರಗಾಂಜಾದ ಸಭಾಂಗಣ ಕೇಳಿ, ಅಲ್ಲಿ ಕನ್ನಡ-ಕೊಂಕಣಿ ಕವಿಗೋಷ್ಠಿ ಮಾಡಲಿ. ಕೊಂಕಣಿ 1987ರಲ್ಲಿ ಗೋವಾದ ರಾಜ್ಯಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಅದೇ ಭಾಷೆಯನ್ನು ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಅಚ್ಚುಹಾಕುತ್ತಾರೆ. ಆ ಲೇಖಕರನ್ನು ಕರೆದರೆ ನಡುವೆ ದುಭಾಷಿಯೇ ಬೇಡ. ಗೋವಾದ ಕವಿಯ ಪದ್ಯ ಕನ್ನಡದಲ್ಲಿ ಕೇಳಲಿ, ಉತ್ತರ ಕರ್ನಾಟಕದ ಕವಿಯ ಪದ್ಯ ಕೊಂಕಣಿಯಲ್ಲಿ ಕೇಳಲಿ.

ಮುಂದಿನ ಸಾಲಿನ ಕುರ್ಚಿಗಳನ್ನು ವಾಸ್ಕೊ, ಜುವಾರಿನಗರದ ಕನ್ನಡ ಶಾಲೆಗಳ ಮಕ್ಕಳಿಗೆ ಬಿಡಬೇಕು. ವಾಸ್ಕೊದಿಂದ ಪಣಜಿಗೆ ಬಸ್ಸು ದಿನವಿಡೀ ಇದೆ. ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಮಕ್ಕಳು ಬರಲಿ, ಅರಮನೆಯ ಮುಂದೆ ಮೇಷ್ಟ್ರು ಅವರಿಗೆ ಯೂಸುಫ್ ಆದಿಲ್ ಶಾಹನ ಊರು ಯಾವುದೆಂದು ಕೇಳಲಿ. ಅರ್ಧ ತರಗತಿ ಕೈ ಎತ್ತುತ್ತದೆ.